ವಿಲಂಬಿತದಲ್ಲಿ ತಡವರಿಸುವ ಎಂಜಿನು

ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮೆಯ ದಂಡೆಗೆ, ಇಲ್ಲವೇ ಆಳಂದದ ಕಡೆಯಿಂದ ಬಂದು ಗಾಣಗಾಪುರದ ಬಳಿ ಅವಳನ್ನು ಕೂಡುವ ಅಮರ್ಜೆಯ ದಂಡೆಗೆ ಹೋಗಿಬಂದವರಿಗೆ ಎಣ್ಣೆ ಎಂಜಿನಿನ ಸದ್ದು ಅಪರಿಚಿತವಲ್ಲ. ವಿದ್ಯುತ್ ಮೋಟಾರುಗಳು ಬಂದ ಮೇಲೆ ಆ ಸದ್ದು ವಿರಳವಾಗಿದೆ, ಅಡಗಿಲ್ಲ. ಪೂರ್ಣ ವೇಗದಲ್ಲಿ ನೀರೆತ್ತುವಾಗ ಸೊಗಸಾಗಿಯೇ ಓಡುವ ಎಂಜಿನು, ವೇಗ ತಗ್ಗಿಸಿದೊಡನೆ ಬಿಕ್ಕಳಿಸಿ, ತಡೆದು, ಮತ್ತೆ ದುಡುಕಿ, ಕೊನೆಗೆ ನಿಂತೇ ಹೋಗುವುದುಂಟು. ‘ಮಿಸ್ ಹೊಡೆಯುತ್ತದೆ’ ಎನ್ನುತ್ತಾರೆ ರೈತರು. ಸಾಹಿತ್ಯದ ಪಾಠ ಹೇಳಿದವನಿಗೆ ಈ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಲಯಭಂಗವನ್ನು ಗುರುತಿಸುವುದು ಪದ್ಯದಲ್ಲಾಗಲಿ ಯಂತ್ರದಲ್ಲಾಗಲಿ ಕಿವಿಯ ಕೆಲಸವೇ ಅಲ್ಲವೇ?

ದೋಷವು ಮಂದಗತಿಯಲ್ಲಿಯೇ ಏಕೆ ಬಯಲಾಗಬೇಕು? ನಾಲ್ಕು ಹೊಡೆತದ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಎಣ್ಣೆ ಉರಿದು ಬಲ ಹುಟ್ಟುತ್ತದೆ. ಒಂದೇ ಸಿಲಿಂಡರಿನ ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಇಂಥ 750 ತಳ್ಳುಗಳು ದೊರೆಯುತ್ತವೆ. 600 ಸುತ್ತಿಗೆ ಇಳಿಸಿದರೆ 300 ಮಾತ್ರ. ವೇಗದಲ್ಲಿ ಒಂದು ತಳ್ಳು ತಪ್ಪಿದರೂ ಭಾರವಾದ ಗಾಲಿಯ ಓಘ ಅದನ್ನು ಮರೆಸಿಬಿಡುತ್ತದೆ. ಮಂದಗತಿಯಲ್ಲಿ ಆ ಓಘವೂ ಕಡಿಮೆ, ಪ್ರತಿ ಸಲ ಒಳಸೇರುವ ಎಣ್ಣೆಯೂ ಅತ್ಯಲ್ಪ. ಅಷ್ಟರಲ್ಲಿ ಒಂದು ಗಾಳಿಗುಳ್ಳೆ ನುಸುಳಿದರೂ ಪಾಲು ದೊಡ್ಡದಾಯಿತು. ದ್ರುತದಲ್ಲಿ ಮುಚ್ಚಿಹೋಗುವ ಗಾಯಕನ ತಾಳದೋಷ ವಿಲಂಬಿತದಲ್ಲಿ ಎದ್ದು ಕಾಣುವ ಹಾಗೆ.

ಡೀಸೆಲ್ ಎಂಜಿನಿನಲ್ಲಿ ಮೊದಲು ಶಂಕಿಸಬೇಕಾದದ್ದು ಗಾಳಿಯನ್ನೇ. ಟಾಕಿ ಪೂರ್ತಿ ಬರಿದಾದಾಗ, ಫಿಲ್ಟರು ಬದಲಿಸಿದಾಗ, ಕೊಳವೆಯ ವಾಷರು ಸವೆದಾಗ ಅದು ಒಳಗೆ ಸೇರಿಕೊಳ್ಳುತ್ತದೆ. ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ನಿಂತು ಶುದ್ಧ ಎಣ್ಣೆ ಹರಿಯುವವರೆಗೆ ಕಾದು ಬಿಗಿಯಬೇಕು. ಬಳಿಕ ಎಣ್ಣೆ ಪಂಪಿನ ಬಳಿ ಇದನ್ನೇ ಮಾಡಬೇಕು. ಇಂಜೆಕ್ಟರಿನ ಬಾಯಿಗೆ ಮಾತ್ರ ಕೈ ಒಡ್ಡಬಾರದು. ಅಲ್ಲಿಂದ ಚಿಮ್ಮುವ ಎಣ್ಣೆಯ ಒತ್ತಡ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಸೂಜಿಯ ಮೊನೆಯಷ್ಟೇ ಕಾಣುವ ಆ ಗಾಯಕ್ಕೆ ಆಸ್ಪತ್ರೆಯೇ ಗತಿ.

ಗಾಳಿಯ ಬಳಿಕ ನೀರು. ಅರ್ಧ ತುಂಬಿದ ಪೀಪಾಯಿಯಲ್ಲಿ ರಾತ್ರಿಯ ತಂಪಿಗೆ ಹನಿಗಟ್ಟಿದ ತೇವ ಡೀಸೆಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ಎರೆಭೂಮಿಯ ಬೇಸಗೆಯ ಧೂಳು ಕಟ್ಟಿದ ಗಾಳಿಯ ಫಿಲ್ಟರನ್ನೂ ನೋಡಬೇಕು. ಹೊಗೆಯ ಬಣ್ಣವೂ ಸಾಕ್ಷಿ ನುಡಿಯುತ್ತದೆ: ಕಪ್ಪಾದರೆ ಎಣ್ಣೆ ಹೆಚ್ಚು, ಇಲ್ಲವೇ ಗಾಳಿ ಸಾಲದು, ನೀಲಿಯಾದರೆ ಕೀಲೆಣ್ಣೆ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಎಣ್ಣೆ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಸೇರುತ್ತಿದೆ. ತಳ್ಳು ತಪ್ಪದೆಯೇ ವೇಗ ಮಾತ್ರ ಏರಿಳಿಯುತ್ತಿದ್ದರೆ ವೇಗ ನಿಯಂತ್ರಕದ ಕಡ್ಡಿ ಎಲ್ಲೋ ತೊಡರುತ್ತಿದೆ ಎಂದು ತಿಳಿಯಬೇಕು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಓಡಿಸಿ ನೋಡುವ ಮಿಸ್ತ್ರಿಯೇ ಜಾಣ. ನಾಲ್ಕನ್ನು ಒಟ್ಟಿಗೆ ಬಿಚ್ಚಿದವನಿಗೆ ಯಾವುದರಿಂದ ವಾಸಿಯಾಯಿತೆಂಬುದು ತಿಳಿಯದು. ಇನ್ನು ಕೆಲವರು ಸ್ಕ್ರೂ ತಿರುಗಿಸಿ ಮಂದಗತಿಯನ್ನೇ ಏರಿಸಿಬಿಡುತ್ತಾರೆ. ಬಿಕ್ಕಳಿಕೆ ನಿಲ್ಲುತ್ತದೆ, ರೋಗ ಒಳಗೇ ಇರುತ್ತದೆ. ನನಗೆ ಇದು ಚಿಕಿತ್ಸೆಯೆನಿಸದು.

ಹೊಲದ ಎಂಜಿನು ನಿಂತರೆ ಕಬ್ಬಿಗೆ ಒಂದು ಹೊತ್ತಿನ ನೀರು ತಪ್ಪೀತು. ಅದೇ ದೋಷ ದೋಣಿಯಲ್ಲಿ ಕಾಣಿಸಿಕೊಂಡರೆ ಮಾತೇ ಬೇರೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ತನ್ನ ಸೀಮೆಯ ತೆಳುನೀರಿನ ನದಿಗಳಿಗಾಗಿ 1950ರ ದಶಕದಲ್ಲಿ ರೂಪಿಸಿದ ಜೆಟ್ ದೋಣಿ, ವಾಸ್ತವವಾಗಿ, ತೇಲುವ ಪಂಪ್‌ಸೆಟ್ಟೇ: ಅಡಿಯಿಂದ ನೀರು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮಿಸಿ ಮುಂದೆ ಸಾಗುತ್ತದೆ. ಎಡ್ಮಂಡ್ ಹಿಲರಿ 1977ರಲ್ಲಿ ಸಮುದ್ರದಿಂದ ಗಂಗೆಯ ಪ್ರವಾಹಕ್ಕೆದುರಾಗಿ ಏರಿಹೋದದ್ದು ಇಂಥ ದೋಣಿಗಳಲ್ಲಿಯೇ. ಇದಕ್ಕೆ ಪ್ರತ್ಯೇಕ ಚುಕ್ಕಾಣಿಯಿಲ್ಲ; ಚಿಮ್ಮುವ ನೀರನ್ನು ಅತ್ತಿತ್ತ ತಿರುಗಿಸಿಯೇ ದಿಕ್ಕು ಹಿಡಿಯಬೇಕು. ಎಂಜಿನು ನಿಂತಿತೆಂದರೆ ವೇಗದೊಡನೆ ದಿಕ್ಕೂ ಹೋಯಿತು.

ಭೀಮೆಗೆ 2020ರ ಅಕ್ಟೋಬರಿನಲ್ಲಿ ಬಂದ ಮಹಾಪೂರ ಅಫಜಲಪುರ, ಜೇವರ್ಗಿಗಳ ಹಳ್ಳಿಗಳನ್ನು ಮುತ್ತಿದ್ದನ್ನು ಕಂಡವರಿಗೆ ಯಂತ್ರದೋಣಿಯ ಬೆಲೆ ಹೇಳಬೇಕಾಗಿಲ್ಲ. ಮುಳುಗಿದ ಮನೆಯ ಮಾಳಿಗೆಯ ಬಳಿ ಸಾರುವಾಗ ದೋಣಿ ಮೆಲ್ಲನೆಯೇ ಹೋಗಬೇಕು. ಎಂಜಿನು ಕೈಕೊಡುವ ಘಳಿಗೆಯೂ ಅದೇ. ನೆರೆಗೆಂದೇ ಇಟ್ಟ ಪೆಟ್ರೋಲು ಎಂಜಿನು ಉಳಿದ ತಿಂಗಳೆಲ್ಲ ಸುಮ್ಮನೆ ನಿಂತಿರುತ್ತದೆ. ಒಳಗುಳಿದ ಪೆಟ್ರೋಲು ಅಂಟಾಗಿ, ಕಾರ್ಬುರೇಟರಿನಲ್ಲಿ ಮಂದಗತಿಗೆಂದೇ ಇರುವ ಕೂದಲೆಳೆಯಂಥ ರಂಧ್ರವನ್ನು ಎಲ್ಲಕ್ಕಿಂತ ಮೊದಲು ಮುಚ್ಚುತ್ತದೆ. ವೇಗದ ದಾರಿ ತೆರೆದೇ ಇರುವುದರಿಂದ, ಜೋರಾಗಿ ಓಡಿಸಿ ನೋಡಿದವರಿಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಮಸಿ ಹಿಡಿದ ಪ್ಲಗ್ಗು ಮಾಡುವ ಮೋಸವೂ ಹೆಚ್ಚುಕಡಿಮೆ ಇದೇ ಬಗೆಯದು.

ಆದುದರಿಂದ ಪರೀಕ್ಷೆ ಮಂದಗತಿಯಲ್ಲಿಯೇ ನಡೆಯಬೇಕು, ಮಳೆಗಾಲಕ್ಕೆ ಮುನ್ನವೇ ನಡೆಯಬೇಕು: ಹಳೆಯ ಪೆಟ್ರೋಲು ಚೆಲ್ಲಿ, ಹೊಸದು ತುಂಬಿ, ಹತ್ತು ನಿಮಿಷ ಕಿವಿಗೊಟ್ಟು ಕೇಳಬೇಕು. ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನಾದರೆ ಅದರ ಕೆಳಭಾಗ ನೀರಿನಲ್ಲಿ ಮುಳುಗಿರಲೇಬೇಕು; ತಂಪು ನೀರೆಳೆಯುವ ರಬ್ಬರಿನ ಚಕ್ರ ಒಣದಲ್ಲಿ ಕೆಲವೇ ಕ್ಷಣಗಳಲ್ಲಿ ಕೆಡುತ್ತದೆ. ಆ ಹೊತ್ತಿಗೆ ನದಿ ಬತ್ತಿದ್ದರೆ ದೊಡ್ಡ ಪೀಪಾಯಿಯ ತುಂಬ ನೀರಿದ್ದರೆ ಸಾಕು.