ಮೈಯೊಳಗಿನ ರಾಡನ್ನು ದೇಹ ‘ಒಪ್ಪುವುದಿಲ್ಲ’ ಎಂಬ ಮೆಸೇಜ್ ನಿಮಗೂ ಬಂತೇ?

ಹೋದ ವರ್ಷ ಕಬ್ಬಿನ ಟ್ರೇಲರ್ ಮೇಲಿಂದ ಜಾರಿ ಬಿದ್ದು ನಮ್ಮ ಕಾಕಾನ ತೊಡೆಯ ಮೂಳೆ ಮುರಿಯಿತು. ಊರು ಅಥಣಿ ಕಡೆ. ಆ ಭಾಗದ ಬಹಳ ಜನರಂತೆ ಅವರನ್ನೂ ಮಿರಜ್‌ಗೆ ಕರೆದೊಯ್ದು ರಾಡು ಹಾಕಿಸಿದರು. ಕೋಲು ಹಿಡಿದು ಹೊಲದ ಬದುವಿನ ತನಕ ಹೋಗಿಬರುವಷ್ಟು ಸುಧಾರಿಸಿದ್ದಾಗ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಬಂತು. ಹೊರಗಿನ ವಸ್ತುವನ್ನು ದೇಹ ಯಾವತ್ತೂ ಒಪ್ಪುವುದಿಲ್ಲವಂತೆ, ರಾಡು ಒಳಗೇ ತುಕ್ಕು ಹಿಡಿದು ರಕ್ತ ಕೆಡಿಸುತ್ತದಂತೆ, ಆದಷ್ಟು ಬೇಗ ತೆಗೆಸಿಬಿಡಬೇಕಂತೆ, ಅಲ್ಲಿಯವರೆಗೆ ಬದನೆಕಾಯಿ ಮುಟ್ಟಬಾರದಂತೆ. ಕೊನೆಯಲ್ಲಿ ಮಾಮೂಲಿನಂತೆ, ‘ಹತ್ತು ಜನರಿಗೆ ಕಳಿಸಿ’.

ಕಾಕಾ ನನಗೂ ಕಳಿಸಿದರು. ಆಮೇಲೆ ಫೋನ್ ಮಾಡಿ ಕೇಳಿದರು: “ತಮ್ಮಾ, ಮೈಯಾಗ ಕಬ್ಬಿಣ ಹೊಕ್ರ ಮೈ ಸುಮ್ಮ ಕುಂದರತೈತೇನ?”

ಮೆಸೇಜ್ ಸುಳ್ಳು. ಆದರೆ ಕಾಕಾನ ಪ್ರಶ್ನೆ ಸರಿಯಾದದ್ದೇ. ಅದೇ ಪ್ರಶ್ನೆಯನ್ನು ಹಿಡಿದು ಸಂಬಳ ಪಡೆದು ಕೆಲಸ ಮಾಡುವ ಜನ ಇದ್ದಾರೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕಿಡ್ನಿ ಕಸಿ ಮಾಡಿದಾಗ ‘ದೇಹ ಒಪ್ಪಲಿಲ್ಲ’ ಎನ್ನುವ ಮಾತು ಕೇಳಿರುತ್ತೀರಿ. ಬೇರೊಬ್ಬರ ಕಿಡ್ನಿಯ ಜೀವಕೋಶಗಳ ಮೇಲೆ ಆ ವ್ಯಕ್ತಿಯ ಗುರುತಿನ ಪ್ರೊಟೀನುಗಳು ಇರುತ್ತವೆ, ಒಂದು ಥರ ಆಧಾರ್ ಕಾರ್ಡ್ ಇದ್ದಂತೆ. ನಮ್ಮ ಟಿ ಕೋಶಗಳು ಅದನ್ನು ಓದಿ, ‘ಇದು ನಮ್ಮದಲ್ಲ’ ಎಂದು ದಾಳಿ ಮಾಡುತ್ತವೆ. ಅದಕ್ಕೇ ಕಸಿ ಮಾಡಿಸಿಕೊಂಡವರು ಜೀವನಪರ್ಯಂತ ಮಾತ್ರೆ ನುಂಗಬೇಕು. ಉಕ್ಕಿನ ರಾಡಿಗೆ ಜೀವಕೋಶವೂ ಇಲ್ಲ, ಆಧಾರ್ ಕಾರ್ಡೂ ಇಲ್ಲ. ಹಾಗಾಗಿ ಕಿಡ್ನಿಯನ್ನು ತಿರಸ್ಕರಿಸುವ ಹಾಗೆ ರಾಡನ್ನು ತಿರಸ್ಕರಿಸುವ ಪ್ರಶ್ನೆಯೇ ಬರುವುದಿಲ್ಲ.

ಹಾಗಂತ ಮೈ ಸುಮ್ಮನೆ ಕೂರುವುದೂ ಇಲ್ಲ. ರಾಡು ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ರಕ್ತದ ಪ್ರೊಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ನಮ್ಮ ಕೋಶಗಳು ಬರಿಯ ಲೋಹವನ್ನು ನೋಡುವುದೇ ಇಲ್ಲ, ಈ ಪ್ರೊಟೀನಿನ ಲೇಪವನ್ನು ಮುಟ್ಟಿ ನೋಡುತ್ತವೆ. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬರುತ್ತವೆ. ಜಗಳ ಎಂದರೆ ಮೊದಲು ಬಂದು ನಿಲ್ಲುವ ಹುಡುಗರಿದ್ದಂತೆ ಇವು. ಹಿಂದೆಯೇ ಮ್ಯಾಕ್ರೋಫೇಜ್‌ಗಳು ಬರುತ್ತವೆ, ಇವು ನುಂಗುವ ಕೋಶಗಳು. ಬ್ಯಾಕ್ಟೀರಿಯಾ ಆಗಿದ್ದರೆ ನುಂಗಿ ಮುಗಿಸುತ್ತಿದ್ದವು, ಆದರೆ ಮೊಳಕೈ ಉದ್ದದ ರಾಡನ್ನು ನುಂಗುವುದು ಹೇಗೆ? ಕೆಲವು ಒಂದಕ್ಕೊಂದು ಸೇರಿಕೊಂಡು ದೈತ್ಯ ಕೋಶಗಳಾಗಿ ಪ್ರಯತ್ನಿಸುತ್ತವೆ. ಅದೂ ಆಗದಿದ್ದಾಗ ದೇಹ ಸಾಮಾನ್ಯವಾಗಿ ಒಂದು ಉಪಾಯ ಮಾಡುತ್ತದೆ: ವಸ್ತುವಿನ ಸುತ್ತ ನಾರಿನ ತೆಳು ಪೊರೆ ಕಟ್ಟಿ ಬೇಲಿ ಹಾಕುತ್ತದೆ. ಟೈಟಾನಿಯಂ ಆದರೆ ಎಷ್ಟೋ ಸಲ ಬೇಲಿಯೂ ಬೇಕಾಗುವುದಿಲ್ಲ, ಮೂಳೆ ನೇರವಾಗಿ ಅದಕ್ಕೇ ಬೆಸೆದುಕೊಳ್ಳುತ್ತದೆ. ಸ್ವೀಡನ್ನಿನ ಬ್ರಾನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಕೊಳವೆಯನ್ನು ಹೊರಗೆ ತೆಗೆಯಲು ಹೋದಾಗ ಅದು ಬರಲೇ ಇಲ್ಲ. ಇವತ್ತಿನ ಹಲ್ಲಿನ ಇಂಪ್ಲಾಂಟ್ ಶುರುವಾದದ್ದು ಅಲ್ಲಿಂದ.

ತುಕ್ಕಿನ ವಿಷಯ? ಮೈಯೊಳಗೆ ಹಾಕುವುದು ಬಾವಿಯ ರಾಟೆಯ ಕಬ್ಬಿಣವಲ್ಲ. ಅದು ಟೈಟಾನಿಯಂ, ಇಲ್ಲವೇ 316 ಎಲ್ ಎಂಬ ಬಗೆಯ ಸ್ಟೀಲು. ಈ ಸ್ಟೀಲಿನಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿ ತುಕ್ಕು ತಡೆಯುತ್ತದೆ.

ನಂಬಿಕೆ ಬರದಿದ್ದರೆ ಮನೆಯ ಅಜ್ಜಿಯ ಕಣ್ಣು ನೋಡಿ. ಪೊರೆ ಆಪರೇಷನ್ ಆಗಿದ್ದರೆ ಅಲ್ಲೊಂದು ಪ್ಲಾಸ್ಟಿಕ್ ಲೆನ್ಸ್ ಇದೆ, ವರ್ಷಗಟ್ಟಲೆಯಿಂದ ಇದೆ. ಅದರ ಕಥೆಯೂ ಚೆನ್ನಾಗಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ ಒಡೆದು ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಚೂರುಗಳು ಹೊಕ್ಕಿದ್ದವು. ಆ ಚೂರುಗಳು ಒಳಗಿದ್ದರೂ ಕಣ್ಣು ಕೆಂಪಾಗಿ ಊದಿಕೊಳ್ಳದೆ ಇದ್ದದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರ್ ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಕಣ್ಣಿಗೆ ಕೂರಿಸಿದರು. ಆಗಿನ ದೊಡ್ಡ ಡಾಕ್ಟರುಗಳೇ ‘ಕಣ್ಣಿಗೆ ಹೊರಗಿನ ವಸ್ತು ಹಾಕುವುದೇ?’ ಎಂದು ಅವರ ಮೇಲೆ ಹರಿಹಾಯ್ದಿದ್ದರು. ವಾಟ್ಸಾಪ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ನೋಡುವವರು ಯಾರು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್, ಇದಕ್ಕೆ ಒಂದು ವಿಳಾಸ. ಅಲ್ಲಿ ಸಿದ್ಧಾರ್ಥ್ ಝುಂಝುನ್‌ವಾಲಾ ಅವರ ಪ್ರಯೋಗಾಲಯ ಮೈಯೊಳಗೆ ಹಾಕುವ ವಸ್ತುಗಳಿಗೆ ರೋಗನಿರೋಧಕ ವ್ಯವಸ್ಥೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನೇ ಅಧ್ಯಯನ ಮಾಡುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದಾಗ ಅವರೂ ಸಂಗಡಿಗರೂ ಮೊದಲು ಓಡಿಬರುವ ಆ ನ್ಯೂಟ್ರೋಫಿಲ್‌ಗಳ ಬಗ್ಗೆ 2015ರಲ್ಲಿ ಪ್ರಬಂಧ ಪ್ರಕಟಿಸಿದ್ದರು.

ಲ್ಯಾಬ್ ಎಂದರೆ ಒಬ್ಬ ಪ್ರೊಫೆಸರ್ ಅಲ್ಲ. ಇಂಥ ಕಡೆ ಕೆಲಸದ ಬಹುಪಾಲು ಹೊರುವವರು ಇಪ್ಪತ್ತೆರಡರಿಂದ ಮೂವತ್ತು ವಯಸ್ಸಿನ ಪಿಎಚ್‌.ಡಿ. ವಿದ್ಯಾರ್ಥಿಗಳು. ಒಬ್ಬರು ಕೆಮಿಸ್ಟ್ರಿ ಓದಿ ಬಂದವರು, ಮತ್ತೊಬ್ಬರು ಎಂಜಿನಿಯರು, ಇನ್ನೊಬ್ಬರು ಪಶುವೈದ್ಯರಾಗಿದ್ದರೂ ಅಚ್ಚರಿಯಿಲ್ಲ. ನೆಟ್ ಪಾಸಾಗಿ ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ರಾಯಬಾಗದಲ್ಲೋ ಚಿಕ್ಕೋಡಿಯಲ್ಲೋ ಬಿ.ಎಸ್ಸಿ. ಓದುತ್ತಿರುವ ಮಗಳಿದ್ದರೆ ಈ ಒಂದು ಸಾಲನ್ನು ಫಾರ್ವರ್ಡ್ ಮಾಡಿ, ಪರವಾಗಿಲ್ಲ.

ಅವರ ದಿನಚರಿಯನ್ನು ನ್ಯೂಟ್ರೋಫಿಲ್ ನಿರ್ಧರಿಸುತ್ತದೆ. ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೋಫಿಲ್ ತಯಾರಿಸುತ್ತದೆ, ಆದರೆ ಹೊರಗೆ ತೆಗೆದರೆ ಅವು ಬಹಳ ಹೊತ್ತು ಬಾಳುವುದಿಲ್ಲ. ಹಾಲಿನಂತೆ ಫ್ರಿಜ್‌ನಲ್ಲಿಟ್ಟು ನಾಳೆ ನೋಡೋಣ ಎನ್ನುವಂತಿಲ್ಲ. ಬೆಳಿಗ್ಗೆ ದಾನಿಯೊಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ರಕ್ತ ಕೊಡುತ್ತಾರೆ. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಪದರ ಪದರವಾಗಿ ಬೇರ್ಪಡಿಸಿ, ಬೇಕಾದ ಕೋಶಗಳನ್ನು ಮಾತ್ರ ಹೀರಿ ತೆಗೆದು, ಪರೀಕ್ಷಿಸಬೇಕಾದ ವಸ್ತುವಿನ ಜೊತೆ 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿಡಬೇಕು. ಅವು ಕೆರಳಿದವೇ, ಸುಮ್ಮನಿದ್ದವೇ ಎಂದು ಸಂಜೆಯೊಳಗೆ ಅಳೆದು ಮುಗಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮೋಸ ಹೋಗುವ ಸಾಧ್ಯತೆ ಇದೆ. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು ಎಲ್ಲಿಂದಲೋ ಅಂಟಿಕೊಂಡಿದ್ದರೆ ಕೋಶಗಳು ಅದಕ್ಕೇ ಕೆರಳುತ್ತವೆ, ನಾವು ವಸ್ತುವನ್ನು ದೂರುತ್ತೇವೆ. ಅದಕ್ಕಾಗಿ ಮೊದಲೇ ಇನ್ನೊಂದು ಪರೀಕ್ಷೆ ಮಾಡಬೇಕು. ಕುದುರೆಲಾಳದಂಥ ಚಿಪ್ಪಿನ ಸಮುದ್ರಜೀವಿಯೊಂದರ ನೀಲಿ ರಕ್ತದಿಂದ ತಯಾರಿಸಿದ ದ್ರಾವಣ ಈ ಚೂರು ಸಿಕ್ಕರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿತೋ, ವಾರಗಟ್ಟಲೆ ಮಾಡಿದ ಸಾಮಗ್ರಿ ಕಸದ ಬುಟ್ಟಿಗೆ.

ಇಲಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಇಲಿ, ಯಾಕೆ ಎಂದು ಲೆಕ್ಕ ಕೊಡಬೇಕು. ಭಾನುವಾರವೂ ದೀಪಾವಳಿಯೂ ಇಲಿಗಳಿಗೆ ನೀರು, ಕಾಳು ಇಡಲೇಬೇಕಲ್ಲ? ಆ ಕೆಲಸದವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ.

ಲ್ಯಾಬ್‌ನಿಂದ ಆಸ್ಪತ್ರೆಗೆ ದಾರಿ ಎಷ್ಟು ಉದ್ದ ಎಂಬುದಕ್ಕೆ ತಿರುವನಂತಪುರದ ಚಿತ್ರಾ ಹೃದಯ ಕವಾಟವೇ ಉದಾಹರಣೆ. ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡದ ಮೊದಲ ಮೂರು ಮಾದರಿಗಳು ವಿಫಲವಾದವು. ನಾಲ್ಕನೆಯದು ಕುರಿಗಳಲ್ಲಿ ಪಾಸಾಗಿ 1990ರ ಡಿಸೆಂಬರ್‌ನಲ್ಲಿ ಮನುಷ್ಯನ ಹೃದಯ ಸೇರಿತು. ಇಂದು ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಲಾಗಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು.

ಹಾಗಾದರೆ ಭಯವೇ ಬೇಡವೇ?

ಬೇಕು, ಆದರೆ ಸರಿಯಾದದ್ದಕ್ಕೆ. ದೊಡ್ಡ ಶತ್ರು ಲೋಹವಲ್ಲ, ಸೋಂಕು. ಲೋಹದ ಮೇಲೆ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿದರೆ ಅಂಟಿನಂಥ ಪದರ ಕಟ್ಟಿಕೊಂಡು ಅಡಗಿ ಕೂರುತ್ತದೆ. ಆಗ ಅಲ್ಲಿಗೆ ಬಿಳಿ ರಕ್ತಕಣವೂ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಗಾಯದಿಂದ ಕೀವು ಅಥವಾ ನೀರು ಸೋರುವುದು, ಜ್ವರ, ಕೆಂಪು ಬಾವು, ಕಡಿಮೆಯಾಗಿದ್ದ ನೋವು ಮತ್ತೆ ಏರುವುದು, ಇವು ಕಂಡರೆ ಆಪರೇಷನ್ ಮಾಡಿದ ಡಾಕ್ಟರ ಬಳಿ ಅವತ್ತೇ ಹೋಗಿ. ‘ನಂಜಾಗೈತಿ’ ಎಂದು ಸೊಪ್ಪು ಅರೆದು ಕಟ್ಟಿ ಹದಿನೈದು ದಿನ ಕಾದರೆ, ಉಳಿಯಬಹುದಾಗಿದ್ದ ರಾಡನ್ನು ನಿಜಕ್ಕೂ ತೆಗೆಯಬೇಕಾಗುತ್ತದೆ. ಬದನೆಕಾಯಿ ಕೀವು ಮಾಡುವುದಿಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಸೋಂಕಿಗೆ ದಾರಿ ಮಾಡುತ್ತದೆ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ. ನಿಪ್ಪಾಣಿಯ ತಂಬಾಕಿನ ಬಗ್ಗೆ ನಮಗೆಷ್ಟೇ ಅಭಿಮಾನವಿದ್ದರೂ ಮೂಳೆಗೆ ಅದಿಲ್ಲ.

ಮಂಡಿ, ಸೊಂಟದ ಕೃತಕ ಕೀಲುಗಳಲ್ಲಿ ಇನ್ನೊಂದು ತೊಂದರೆ ಇದೆ. ವರ್ಷಗಟ್ಟಲೆ ಉಜ್ಜಿ ಉದುರುವ ಸೂಕ್ಷ್ಮ ಪುಡಿಯನ್ನು ಮ್ಯಾಕ್ರೋಫೇಜ್‌ಗಳು ನುಂಗಿ ಕೆರಳುತ್ತವೆ, ಸುತ್ತಲ ಮೂಳೆ ಸವೆದು ಕೀಲು ಸಡಿಲವಾಗಬಹುದು. ನಿಕಲ್‌ನಂಥ ಲೋಹಕ್ಕೆ ಅಲರ್ಜಿಯೂ ಉಂಟು, ಆದರೆ ರಾಡು ಹಾಕಿದವರಲ್ಲಿ ಅದು ತೊಂದರೆ ಕೊಡುವುದು ಅಪರೂಪ. ಮೊದಲೇ ಅಲರ್ಜಿ ಇದ್ದರೆ ಡಾಕ್ಟರಿಗೆ ಹೇಳಿ.

ರಾಡನ್ನು ತೆಗೆಸಲೇಬೇಕೇ? ದೊಡ್ಡವರಲ್ಲಿ ತೊಂದರೆ ಕೊಡದ ರಾಡನ್ನು ಹೆಚ್ಚಾಗಿ ಹಾಗೇ ಬಿಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೆಗೆಯುತ್ತಾರೆ. ಮೂಳೆ ಗಟ್ಟಿಯಾಗುವ ಮುನ್ನ ಅವಸರಪಟ್ಟು ತೆಗೆಸಿದರೆ ಅಲ್ಲೇ ಮತ್ತೆ ಮುರಿಯುವ ಅಪಾಯವಿದೆ. ಎಕ್ಸ್‌-ರೇ ನೋಡಿ ಡಾಕ್ಟರ್ ತೀರ್ಮಾನಿಸಲಿ, ಫಾರ್ವರ್ಡ್ ಅಲ್ಲ.

ಕಾಕಾನಿಗೆ ಇದನ್ನೆಲ್ಲ ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಪೂರ್ತಿ ಕೇಳಿ, “ಹಂಗಾರ ಮೈ ಬೇಲಿ ಹಾಕ್ಕೊಂಡು ಸುಮ್ಮ ಕುಂದರತೈತಿ ಅನ್ನು” ಎಂದರು. ಮುಂದಿನ ವಾರ ಎಕ್ಸ್‌-ರೇ ತೆಗೆಸಲು ಹೋಗುತ್ತಿದ್ದಾರೆ. ಬೀಡಿ ಮಾತ್ರ ಇನ್ನೂ ಬಿಟ್ಟಿಲ್ಲ.