ಡಬ್ಲ್ಯುಎಸ್‌ಯುಎಸ್ ಸಂಪರ್ಕ ವೈಫಲ್ಯ

ಡಬ್ಲ್ಯುಎಸ್‌ಯುಎಸ್ ಸಂಪರ್ಕ ವೈಫಲ್ಯವೆಂದರೆ ಸಂಸ್ಥೆಯೊಂದರ ಗಣಕಯಂತ್ರಗಳು ಅಥವಾ ನಿರ್ವಾಹಕರ ಕನ್ಸೋಲ್, ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವಿಸಸ್ ಎಂಬ ಸ್ಥಳೀಯ ಅಪ್‌ಡೇಟ್ ಸೇವೆಯನ್ನು ತಲುಪಲಾರದ ಸ್ಥಿತಿ. ಸರ್ವರ್‌ಗೇ ಹೊಸ ಪ್ಯಾಚ್ ಅಳವಡಿಸಿದ ಬಳಿಕ ಇದು ಕಾಣಿಸಿಕೊಳ್ಳುವುದುಂಟು.

2005ರಲ್ಲಿ ಬಿಡುಗಡೆಯಾದ ಈ ಸೇವೆಯು ಪ್ರತಿ ಅಪ್‌ಡೇಟನ್ನು ಅಂತರಜಾಲದಿಂದ ಒಮ್ಮೆ ಮಾತ್ರ ತರಿಸಿಕೊಂಡು ಒಳಜಾಲದಲ್ಲಿ ಹಂಚುತ್ತದೆ. ಸಂಡೂರಿನಂತಹ ತಾಲ್ಲೂಕು ಕೇಂದ್ರದ ಕಚೇರಿಯೊಂದರಲ್ಲಿ 40 ಗಣಕಗಳಿದ್ದು, ಅಪ್‌ಡೇಟ್‌ನ ಗಾತ್ರ 500 ಮೆಗಾಬೈಟ್ ಎಂದು ಭಾವಿಸಿದರೆ, ನೇರವಾಗಿ ಇಳಿಸಿಕೊಳ್ಳಲು 20 ಗಿಗಾಬೈಟ್ ವ್ಯಯವಾಗುತ್ತದೆ. ಸ್ಥಳೀಯ ಸರ್ವರ್ ಇದ್ದರೆ 500 ಮೆಗಾಬೈಟ್ ಸಾಕು. ಆದರೆ ಆ ಒಂದು ಸರ್ವರ್ ನಿಂತರೆ ನಲವತ್ತೂ ಗಣಕಗಳಿಗೆ ಭದ್ರತಾ ಪ್ಯಾಚ್‌ಗಳು ತಲುಪುವುದಿಲ್ಲ. ಗಣಕಗಳು ಎಂದಿನಂತೆಯೇ ಕೆಲಸ ಮಾಡುವುದರಿಂದ ಬಳಕೆದಾರರಿಗೆ ಇದರ ಸುಳಿವೂ ಸಿಗದು.

ಇದರ ಪ್ರಸಿದ್ಧ ಉದಾಹರಣೆ 2016ರದು. ವಿಂಡೋಸ್ 10ರ ಗೂಢಲಿಪೀಕೃತ ಅಪ್‌ಗ್ರೇಡ್ ಕಡತಗಳನ್ನು ಹಂಚಲು ನೆರವಾಗುವ ಕೆಬಿ 3148812 ಎಂಬ ಪ್ಯಾಚ್ ಏಪ್ರಿಲ್‌ನಲ್ಲಿ ಬಂದಿತು. ಅದನ್ನು ಅಳವಡಿಸಿದ ಹಲವು ಸರ್ವರ್‌ಗಳಲ್ಲಿ ಕನ್ಸೋಲ್ ತೆರೆಯದಾಯಿತು, ಗಣಕಗಳ ಸಂಪರ್ಕ ಕಡಿದುಹೋಯಿತು. ಮೇ ತಿಂಗಳಲ್ಲಿ ಅದರ ಸ್ಥಾನಕ್ಕೆ ಬಂದ ಕೆಬಿ 3159706 ಕೂಡ ತಾನಾಗಿಯೇ ಪೂರ್ಣಗೊಳ್ಳುತ್ತಿರಲಿಲ್ಲ. ನಿರ್ವಾಹಕರು ‘ವಸಸ್‌ಯುಟಿಲ್’ ಸಾಧನವನ್ನು ‘ಪೋಸ್ಟ್‌ಇನ್‌ಸ್ಟಾಲ್ /ಸರ್ವಿಸಿಂಗ್’ ಆದೇಶದೊಂದಿಗೆ ಚಲಾಯಿಸಿ, ಡಾಟ್‌ನೆಟ್ 4.5ರ ‘ಎಚ್‌ಟಿಟಿಪಿ ಆ್ಯಕ್ಟಿವೇಶನ್’ ಸೌಲಭ್ಯವನ್ನು ಸೇರಿಸಿ, ಸೇವೆಯನ್ನು ಮರುಚಾಲನೆ ಮಾಡಬೇಕಿತ್ತು. ಎಸ್‌ಎಸ್‌ಎಲ್ ಬಳಸುತ್ತಿದ್ದ ಕಡೆ ‘ವೆಬ್‌ಕಾನ್ಫಿಗ್’ ಕಡತವನ್ನೂ ತಿದ್ದಬೇಕಾಗಿತ್ತು. ಪ್ಯಾಚನ್ನೇ ತೆಗೆದುಹಾಕುವುದು ಸುಲಭವೆನಿಸಿದರೂ, ಹಾಗೆ ಮಾಡಿದ ಸರ್ವರ್‌ಗೆ ಆ ಹೊಸ ಕಡತಗಳನ್ನು ಬಿಡಿಸುವ ಸಾಮರ್ಥ್ಯ ಇರುತ್ತಿರಲಿಲ್ಲ.

ದೋಷ ಎಲ್ಲಿದೆಯೆಂದು ತಿಳಿಯಲು ಗಣಕವೊಂದರಿಂದ ಸರ್ವರ್‌ನ ಪೋರ್ಟ್‌ಗೆ ಸಂಪರ್ಕಿಸಿ ನೋಡಲಾಗುತ್ತದೆ. ವಿಂಡೋಸ್ ಸರ್ವರ್ 2012ರಿಂದೀಚೆಗೆ ಪೂರ್ವನಿಯೋಜಿತ ಪೋರ್ಟ್ 8530. ಎಸ್‌ಎಸ್‌ಎಲ್ ಇದ್ದರೆ 8531. ಉತ್ತರವೇ ಬಾರದಿದ್ದರೆ ಫೈರ್‌ವಾಲ್, ಪೋರ್ಟ್ ಹಾಗೂ ಐಐಎಸ್ ಸೇವೆಯನ್ನು ಪರಿಶೀಲಿಸಬೇಕು. 503 ದೋಷ ಬಂದರೆ ಜಾಲದಲ್ಲಿ ತೊಂದರೆಯಿಲ್ಲ. ಸಾಮಾನ್ಯವಾಗಿ ಐಐಎಸ್‌ನಲ್ಲಿರುವ ‘ವಸಸ್‌ಪೂಲ್’ ನಿಂತಿರುತ್ತದೆ. ಅದರ ಪೂರ್ವನಿಯೋಜಿತ ಸ್ಮೃತಿ ಮಿತಿ 18,43,200 ಕಿಲೋಬೈಟ್. ಹಲವು ಗಣಕಗಳು ಒಮ್ಮೆಲೇ ಎಡತಾಕಿದಾಗ ಇದು ಸಾಲದೆ ಹೋಗಬಹುದು. ಆದುದರಿಂದ ಮಿತಿಯನ್ನು 0 ಎಂದು, ಅಂದರೆ ಮಿತಿಯಿಲ್ಲದಂತೆ, ಇಡುವುದು ವಾಡಿಕೆ.

ಮೈಕ್ರೋಸಾಫ್ಟ್ ಸೆಪ್ಟೆಂಬರ್ 2024ರಲ್ಲಿ ಈ ಸೇವೆಯ ಅಭಿವೃದ್ಧಿಯನ್ನು ಮುಂದುವರಿಸುವುದಿಲ್ಲವೆಂದು ಪ್ರಕಟಿಸಿತು; ಬಳಕೆಗೆ ಅಡ್ಡಿಯಿಲ್ಲ. ಅಕ್ಟೋಬರ್ 2025ರಲ್ಲಿ ಸಿವಿಇ-2025-59287 ಎಂಬ ಗಂಭೀರ ಭದ್ರತಾ ಲೋಪಕ್ಕೆ ತುರ್ತು ಪ್ಯಾಚ್ ಬಂದಿತು. ಅದನ್ನು ಅಳವಡಿಸಿದ ಸರ್ವರ್‌ಗಳ ಕನ್ಸೋಲ್‌ನಲ್ಲಿ ಸಿಂಕ್ರೊನೈಸೇಶನ್ ದೋಷದ ವಿವರಗಳು ಕಾಣದಾದವು. ಇದು ಸಂಪರ್ಕ ವೈಫಲ್ಯವಲ್ಲ, ಲೋಪವನ್ನು ಮುಚ್ಚಲೆಂದೇ ಆ ಸೌಲಭ್ಯವನ್ನು ತಾತ್ಕಾಲಿಕವಾಗಿ ತೆಗೆಯಲಾಗಿತ್ತು.