ಜೆರುಸಲೇಂ ಅಡಿಯಲ್ಲೊಂದು ಕಲ್ಲಿನ ಕೋರೆ: ಹೆಸರು ಅರಸರದ್ದು, ಉಳಿಯ ಗುರುತು ಆಳುಗಳದ್ದು

ಮುರಕಲ್ಲು ಕೋರೆಯಿಂದ ಕಡಿದು ತೆಗೆಯುವಾಗ ಮೆದು. ಗಾಳಿ, ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಕಾಸರಗೋಡು, ಮಂಜೇಶ್ವರ ಕಡೆ ಮನೆ ಕಟ್ಟಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಗುಣದ ಇನ್ನೊಂದು ಕಲ್ಲು ಜೆರುಸಲೇಮಿನಲ್ಲಿದೆ. ಕೆಂಪಲ್ಲ, ಬಿಳಿ ಸುಣ್ಣಕಲ್ಲು. ಅಲ್ಲಿಯವರು ಅದನ್ನು 'ಮೆಲೆಕೆ' ಅಂತಾರೆ. ಅರಬಿ ಭಾಷೆಯಲ್ಲಿ ರಾಜಯೋಗ್ಯವಾದದ್ದು ಎಂದು ಅರ್ಥ. ಆ ಕಲ್ಲು ತೆಗೆದ ಜಾಗ ಎಲ್ಲಿ ಅಂತ ಹುಡುಕಿದರೆ ದೂರ ಹೋಗಬೇಕಿಲ್ಲ. ದೊಡ್ಡದೊಂದು ಕೋರೆ ಊರಿನ ಕೆಳಗೇ ಇದೆ!

ಹಳೆ ನಗರದ ಉತ್ತರ ಭಾಗದ ಕೋಟೆಗೋಡೆಯ ಬದಿಯಲ್ಲಿ, ದಮಾಸ್ಕಸ್ ದ್ವಾರದಿಂದ ಹೆರೋದ ದ್ವಾರದತ್ತ ಸ್ವಲ್ಪ ನಡೆದರೆ ಗೋಡೆಯ ಬುಡದಲ್ಲೊಂದು ಬಾಗಿಲು ಸಿಗುತ್ತದೆ. 'ಚಿದ್ಕೀಯನ ಗುಹೆ', 'ಸೊಲೊಮೋನನ ಕಲ್ಲುಗಣಿ' ಎಂದೆಲ್ಲ ಇದಕ್ಕೆ ಹೆಸರು. ಒಳಗೆ ಇಳಿಯುತ್ತಾ ಹೋದರೆ ಸುಮಾರು 230 ಮೀಟರ್ ಉದ್ದ. ಕೆಲವೆಡೆ 100 ಮೀಟರಿನಷ್ಟು ಅಗಲ, 15 ಮೀಟರಿನಷ್ಟು ಎತ್ತರ. ಒಟ್ಟು ವಿಸ್ತಾರ ಎರಡು ಎಕರೆಗೂ ಮಿಕ್ಕಿ. ಮೇಲೆ ಮುಸ್ಲಿಂ ಕೇರಿಯ ಮನೆ, ಓಣಿ, ಜನಸಂಚಾರ, ಕೆಳಗೆ ಕತ್ತಲು. ಮೇಲ್ಛಾವಣಿ ಕುಸಿಯದಂತೆ ಅಲ್ಲಲ್ಲಿ ಬಂಡೆಯನ್ನೇ ಕಂಬವಾಗಿ ಉಳಿಸಿದ್ದಾರೆ.

ಇದು ತಾನಾಗಿ ಆದ ಗುಹೆಯಲ್ಲ, ಮನುಷ್ಯರು ಕಡಿದು ಮಾಡಿದ್ದು. ಬೇಕಾದ ಕಲ್ಲಿನ ಸುತ್ತ ಉಳಿಯಿಂದ ಗಾಡಿ ತೋಡಿ, ಸಂದಿಗೆ ಮರದ ಬೆಣೆ ಹೊಡೆದು ನೀರು ಹಾಕುತ್ತಿದ್ದರಂತೆ. ಮರ ಉಬ್ಬಿದಾಗ ಕಲ್ಲು ಬಂಡೆಯಿಂದ ಬಿಟ್ಟುಕೊಳ್ಳುತ್ತಿತ್ತು. ಗೋಡೆಯಲ್ಲಿ ಈಗಲೂ ಉಳಿಯ ಸಾಲು ಸಾಲು ಗೀರು, ದೀಪ ಇಡಲು ಕೊರೆದ ಗೂಡು ಕಾಣುತ್ತವೆ. ಅರ್ಧ ಕಡಿದು ಬಿಟ್ಟ ಕಲ್ಲುಗಳೂ ಇವೆ.

ಕಥೆ ಒಂದು, ಇತಿಹಾಸ ಒಂದು

ಯೆಹೂದದ ಕೊನೆಯ ಅರಸ ಚಿದ್ಕೀಯ ಬಾಬಿಲೋನಿನ ಸೈನ್ಯಕ್ಕೆ ಹೆದರಿ ಈ ಗುಹೆಯ ಮೂಲಕ ಯೆರಿಕೋವಿನತ್ತ ಓಡಿದ ಎಂಬುದು ಐತಿಹ್ಯ. ಸಿಕ್ಕಿಬಿದ್ದ ಅರಸನ ಕಣ್ಣು ಕೀಳಿಸಿದರು ಎಂದು ಬೈಬಲ್ ಹೇಳುತ್ತದೆ. ಒಳಗೆ ತೊಟ್ಟಿಕ್ಕುವ ನೀರಿಗೆ 'ಚಿದ್ಕೀಯನ ಕಣ್ಣೀರು' ಎಂಬ ಹೆಸರು ಬಂದದ್ದು ಹೀಗೆ. ಆದರೆ ಗುಹೆ ಯೆರಿಕೋವರೆಗೆ ಹೋಗುವುದಿಲ್ಲ, ಊರಿನ ಅಡಿಯಲ್ಲೇ ಮುಗಿಯುತ್ತದೆ. ಸೊಲೊಮೋನನ ದೇವಾಲಯಕ್ಕೆ ಇಲ್ಲಿಂದಲೇ ಕಲ್ಲು ಹೋಯಿತು ಎನ್ನುವುದಕ್ಕೂ ಪುರಾವೆ ಸಿಕ್ಕಿಲ್ಲ. ಕ್ರಿಸ್ತಪೂರ್ವ 37ರಿಂದ 4ರವರೆಗೆ ಆಳಿದ ಹೆರೋದನ ದೊಡ್ಡ ಕಟ್ಟಡಗಳಿಗೆ ಇಲ್ಲಿನ ಕಲ್ಲು ಬಳಕೆಯಾಗಿರಬೇಕು ಎಂಬುದು ತಿಳಿದವರ ಅಭಿಪ್ರಾಯ.

ಒಟ್ಟೋಮನ್ ಸುಲ್ತಾನ ಸುಲೈಮಾನ್ ಕೋಟೆಗೋಡೆ ಕಟ್ಟಿಸಿದ 1540ರ ಸುಮಾರಿಗೆ ಗುಹೆಯ ಬಾಯಿ ಮುಚ್ಚಿತು. ಸುಮಾರು 300 ವರ್ಷ ಊರೇ ಅದನ್ನು ಮರೆತಂತಿತ್ತು. ಮತ್ತೆ ಪತ್ತೆ ಮಾಡಿದ್ದು ಯಾರು ಗೊತ್ತಾ? ಒಂದು ನಾಯಿ! 1854ರಲ್ಲಿ ಅಮೆರಿಕದ ಮಿಷನರಿ ವೈದ್ಯ ಜೇಮ್ಸ್ ಬಾರ್‌ಕ್ಲೇ ಗೋಡೆಯ ಬದಿಯಲ್ಲಿ ಹೋಗುವಾಗ ಜೊತೆಗಿದ್ದ ನಾಯಿ ಮಾಯವಾಯಿತಂತೆ. ಹುಡುಕಿದರೆ ಬುಡದಲ್ಲೊಂದು ಬಿಲ. ಕತ್ತಲಾದ ಮೇಲೆ ಮಕ್ಕಳೊಂದಿಗೆ ಬಂದ ಅವರು ನುಸುಳಿ ಒಳಗಿಳಿದರು. ಸೊಲೊಮೋನನ ಕಾಲದ ಕಲ್ಲುಕುಟಿಗರನ್ನು ತಮ್ಮ ಮೂಲದವರೆಂದು ಹೇಳಿಕೊಳ್ಳುವ ಫ್ರೀಮೇಸನ್ನರು 1868ರಲ್ಲಿ ಇಲ್ಲೇ ಸಭೆ ನಡೆಸಿದರು.

ಹೊರಗೆ ಬಂದರೆ ಕಣ್ಣಿಗೆ ಬೀಳುವುದು ಮತ್ತೆ ಅದೇ ಬಿಳಿ ಕಲ್ಲು. ಕಟ್ಟಡಗಳ ಮುಖಕ್ಕೆ ಊರಿನ ಕಲ್ಲನ್ನೇ ಹಾಕಬೇಕು ಎಂದು ಬ್ರಿಟಿಷ್ ಆಡಳಿತ 1918ರಲ್ಲಿ ಮಾಡಿದ ನಿಯಮದಿಂದಾಗಿ ಹೊಸ ಕಟ್ಟಡಗಳಿಗೂ ಅದೇ ಬಣ್ಣ. ಈ ಊರಿನ ಒಂದೊಂದು ಗೋಡೆಗೂ ಹಕ್ಕುದಾರರು ಹಲವರು, ಜಗಳವೂ ಹಳೆಯದು. ಆದರೆ ಆ ಕಲ್ಲುಗಳನ್ನು ಎಣ್ಣೆದೀಪದ ಬೆಳಕಿನಲ್ಲಿ ಕಡಿದವರ ಒಂದು ಹೆಸರೂ ಉಳಿದಿಲ್ಲ. ಅವರದ್ದು ಅಂತ ಇರುವುದು ಗೋಡೆಯ ಮೇಲಿನ ಗೀರು ಮಾತ್ರ.

ನಮ್ಮ ಕಡೆ ಈಗ ಮುರಕಲ್ಲು ಕಡಿಯುವುದೂ ಯಂತ್ರವೇ. ಹಳೆ ಮನೆಯ ಗಾರೆ ಹಾಕದ ಗೋಡೆಯಲ್ಲಿ, ಗುಡ್ಡ ಕೊರೆದ ಸುರಂಗದ ಒಳಗೆ ಇನ್ನೂ ಕೈಗೆಲಸದ ಗೀರು ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ಅದೂ ಒಬ್ಬರ ಸಹಿಯೇ.